ಹೆಡ್‌ಫೋನ್ ಕೊಳ್ಳುವಾಗ, ಕೊಂಡ ಮೇಲೆ

ರೇಡಿಯೋ ಮೊದಮೊದಲು ಬಂದದ್ದು ಕಿವಿಯ ಮೇಲೆ ಕೂತು ಎಂದರೆ ನಿಮಗೆ ಸೋಜಿಗವಾದೀತು. ಹಳೆಯ ಹರಳಿನ ಸೆಟ್ಟಿಗೆ ವಿದ್ಯುತ್ತೂ ಬೇಡ, ಬ್ಯಾಟರಿಯೂ ಬೇಡ. ಆದರೆ ಏರಿಯಲ್ ತಂತಿ ಹಿಡಿದು ತಂದ ಅಲ್ಪ ಶಕ್ತಿಗೆ ಧ್ವನಿವರ್ಧಕವನ್ನು ನುಡಿಸುವ ಕಸುವಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು. ಅಮೆರಿಕದ ಯೂಟಾದ ನಥಾನಿಯೆಲ್ ಬಾಲ್ಡ್ವಿನ್ ಎಂಬಾತ ತನ್ನ ಅಡಿಗೆಮನೆಯಲ್ಲೇ ಹೆಡ್‌ಫೋನ್ ತಯಾರಿಸಿ 1910ರಲ್ಲಿ ಆ ದೇಶದ ನೌಕಾದಳಕ್ಕೆ ಒದಗಿಸಿದ. ನಮ್ಮ ಧಾರವಾಡ ಕೇಂದ್ರ 1950ರ ಜನವರಿ 8ರಂದು ಆರಂಭವಾದಾಗ ಕಾಲ ಬದಲಾಗಿತ್ತು. ಒಂದು ಸೆಟ್ಟಿನ ಮುಂದೆ ಓಣಿಯ ಮಂದಿಯೆಲ್ಲ ಕೂತು ಕೇಳುತ್ತಿದ್ದರು. ಈಗ ಆ ಕೇಂದ್ರವೇ ಮೊಬೈಲಿನಲ್ಲೂ ಕೇಳಸಿಗುತ್ತದೆ. ಕೇಳುವವನು ಮತ್ತೆ ಒಬ್ಬನೇ, ಕಿವಿಗೆ ಮತ್ತೆ ಹೆಡ್‌ಫೋನ್.

ಏಕಸಂಬಿಯಂಥ ಊರಿನಲ್ಲಿ ಕೂತು ಕೇಳುವವರ ಪಾಡು ಬೇರೆಯೇ. ಕಬ್ಬಿನ ಹಂಗಾಮು ಬಂತೆಂದರೆ ಜೋಡು ಟ್ರೇಲರಿನ ಟ್ರ್ಯಾಕ್ಟರುಗಳು ಸರಿರಾತ್ರಿಯವರೆಗೂ ರಸ್ತೆ ಬಿಡುವುದಿಲ್ಲ. ಅದರ ಮೇಲೆ ಚಾಲಕರ ಹಾಡಿನ ಪೆಟ್ಟಿಗೆ ಬೇರೆ. ಇಂಥ ಗದ್ದಲದಲ್ಲಿ ನಾವು ಮಾಡುವುದೇನು? ಧ್ವನಿ ಏರಿಸುತ್ತೇವೆ. ಗದ್ದಲ ಏರಿದಷ್ಟೂ ಏರಿಸುತ್ತೇವೆ. ಅಪಾಯವಿರುವುದು ಅಲ್ಲಿಯೇ. ದೊಡ್ಡವರು 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ 90 ಡೆಸಿಬೆಲ್ಲಿಗೆ ಏರಿದರೆ ವಾರಕ್ಕೆ 4 ಗಂಟೆ ಮಾತ್ರ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊಬೈಲಿನ ಧ್ವನಿ ಪೂರ್ಣಮಟ್ಟದ ನೂರಕ್ಕೆ 60ನ್ನು ದಾಟದಿರಲಿ. ಹೆಡ್‌ಫೋನ್ ತೆಗೆದ ಮೇಲೂ ಕಿವಿ ಗುಂಯ್‌ಗುಟ್ಟಿದರೆ ಮಿತಿಮೀರಿತೆಂದೇ ತಿಳಿಯಿರಿ.

ಹಿಂಬದಿ ಮುಚ್ಚಿದ ಹೆಡ್‌ಫೋನ್ ನಮಗೆ ಒದಗುವುದು ಈ ಕಾರಣಕ್ಕೆ. ಅದರ ಬಟ್ಟಲು ಕಿವಿಯನ್ನು ಸುತ್ತಲೂ ಮುಚ್ಚುತ್ತದೆ. ಹೊರಗಿನ ಸದ್ದು ತಗ್ಗುತ್ತದೆ, ಒಳಗಿನದು ಹೊರಗೆ ಸೋರುವುದಿಲ್ಲ. ಮಗ್ಗುಲಲ್ಲಿ ಮಲಗಿದವರ ನಿದ್ದೆಯೂ ಕೆಡದು. ಸ್ಟುಡಿಯೋದಲ್ಲಿ ಮಾತನಾಡುವವರು ಇದನ್ನೇ ತೊಡುವುದು, ಕಿವಿಯ ಸದ್ದು ಮೈಕಿಗೆ ಹೋಗಬಾರದೆಂದು. ಒಂದು ಮಾತು ಮಾತ್ರ ಮುಚ್ಚಿಡಬಾರದು: ಇದು ಮಾತು-ಕಿರುಚಾಟಗಳನ್ನು ಚೆನ್ನಾಗಿ ತಡೆಯುತ್ತದೆ, ಎಂಜಿನ್ನಿನ ಮಂದ್ರದ ಗುಡುಗನ್ನು ಅಷ್ಟಾಗಿ ತಡೆಯದು. ಹಾಗೆಂದು ಅದನ್ನು ತೊಟ್ಟು ಸೈಕಲ್ ಹತ್ತುವಂತೆಯೂ ಇಲ್ಲ. ಹಿಂದಿನಿಂದ ಬರುವ ಕಬ್ಬಿನ ಟ್ರ್ಯಾಕ್ಟರಿನ ಹಾರ್ನು ಕೇಳದೆ ಹೋದೀತು; ಮಕ್ಕಳಿಗೆ ಇದನ್ನು ಗಟ್ಟಿಯಾಗಿ ಹೇಳಿರಿ.

ಚಿಕ್ಕೋಡಿಯಲ್ಲೋ ನಿಪ್ಪಾಣಿಯಲ್ಲೋ ಕೊಲ್ಲಾಪುರದಲ್ಲೋ ಅಂಗಡಿಗೆ ಹೋದಾಗ, ನಿಮಗೆ ಚಿರಪರಿಚಿತವಾದ ಒಂದು ತಬಲೆಯ ಧ್ವನಿಮುದ್ರಣ ಮೊಬೈಲಿನಲ್ಲಿರಲಿ. ಡಗ್ಗಾದ ಗುಮುಕಿಗೆ ಕಿವಿಗೊಡಿ. ಕೇಳುತ್ತಲೇ ಎರಡೂ ಬಟ್ಟಲುಗಳನ್ನು ಬೆರಳಿಂದ ಮೆಲ್ಲಗೆ ಒತ್ತಿರಿ. ಒತ್ತಿದೊಡನೆ ಡಗ್ಗಾ ತುಂಬಿಕೊಂಡು ಬಂದರೆ, ಮೆತ್ತೆ ನಿಮ್ಮ ತಲೆಗೆ ಸರಿಯಾಗಿ ಕೂತಿಲ್ಲ, ಗಾಳಿ ಸೋರುತ್ತಿದೆ ಎಂದರ್ಥ. ಕನ್ನಡಕದ ಕಡ್ಡಿ, ಬೆಂಡೋಲೆ ಇವೂ ಅಡ್ಡ ಬರುತ್ತವೆ. ನಿತ್ಯ ತೊಡುವುದನ್ನು ತೊಟ್ಟೇ ಪರೀಕ್ಷಿಸಿರಿ.

ಬಾಳಿಕೆಯ ಲೆಕ್ಕ ಇನ್ನೊಂದು. ಮೆತ್ತೆ ಕೈಯಿಂದ ಬಿಚ್ಚಿ ಬರುತ್ತದೆಯೇ? ಬದಲಿ ಮೆತ್ತೆ ಸಿಗುತ್ತದೆಯೇ? ತಂತಿ ಕಳಚುತ್ತದೆಯೇ? ಬಟ್ಟಲನ್ನು ಸೇರಿಸಿರುವುದು ಸ್ಕ್ರೂ ಹಾಕಿಯೋ, ಅಂಟು ಹಾಕಿಯೋ? ಹೊಳೆಯುವ ಬಣ್ಣಕ್ಕಿಂತ ಇವನ್ನು ಕೇಳಿರಿ. ನನ್ನದೊಂದು ಮಡಿಚುವ ಹೆಡ್‌ಫೋನ್ ಕೀಲು ಮುರಿದು ಮೂಲೆ ಸೇರಿತು. ಧ್ವನಿ ಹೊಸದರಂತೆಯೇ ಇತ್ತು, ಆದರೆ ಹತ್ತು ಪೈಸೆಯ ಪ್ಲಾಸ್ಟಿಕ್ ತುಂಡು ಎಲ್ಲೂ ಸಿಗಲಿಲ್ಲ. ಇದಕ್ಕೆ ವಿರುದ್ಧವಾಗಿ 1991ರಲ್ಲಿ ಬಂದ ಸೋನಿಯ ಎಂಡಿಆರ್-7506 ಮೂರು ದಶಕ ದಾಟಿದರೂ ಮಾರಾಟದಲ್ಲಿದೆ. ಅದರ ಮೆತ್ತೆಯೂ ಸುಲಿಯುತ್ತದೆ, ಅದರ ತಂತಿಯೂ ಕಳಚಿ ಬರುವಂಥದ್ದಲ್ಲ. ಆದರೆ ಬದಲಿ ಮೆತ್ತೆ ಸಿಗುತ್ತದೆ, ಅದನ್ನು ಹಾಕಲು ಯಾವ ಉಪಕರಣವೂ ಬೇಡ. ತಂತಿಯಿಲ್ಲದವು ಅನುಕೂಲವೇ, ಆದರೆ ಒಳಗಿನ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಬದಲಿಸುವುದು ಸುಲಭವಲ್ಲ. ಓಮ್ ಸಂಖ್ಯೆಯನ್ನೂ ನೋಡಿರಿ: 32ರ ಆಸುಪಾಸಿನದು ಮೊಬೈಲಿಗೆ ಸಾಕು; 250 ಓಮಿನದನ್ನು ಮೊಬೈಲಿಗೆ ಹಚ್ಚಿದರೆ ಸಾಮಾನ್ಯವಾಗಿ ಧ್ವನಿ ಕ್ಷೀಣ.

ಇನ್ನು ಆರೈಕೆ. ಮೆತ್ತೆಯ ಶತ್ರುಗಳು ಬೆವರು ಮತ್ತು ತಲೆಗೆ ಹಚ್ಚಿದ ಎಣ್ಣೆ. ಅದರ ಮೇಲಿನ ಕೃತಕ ಚರ್ಮ ತೇವಕ್ಕೆ ತಾನಾಗಿಯೇ ಶಿಥಿಲವಾಗಿ ಹಪ್ಪಳದಂತೆ ಏಳುತ್ತದೆ. ಎಣ್ಣೆ ಹಚ್ಚಿದ ದಿನ ತೊಡಬೇಡಿ. ತೊಟ್ಟ ಮೇಲೆ ಹಸಿಬಟ್ಟೆ ಹಿಂಡಿ ಒರೆಸಿ, ನೆರಳಿನಲ್ಲಿ ಆರಲು ಬಿಡಿರಿ. ಸ್ಪಿರಿಟ್ ಮುಟ್ಟಿಸಬೇಡಿ. ಗೋಡೆಯ ಮೊಳೆಗೆ ತೂಗುಹಾಕಿದರೆ ತಲೆಪಟ್ಟಿಯ ಮೆತ್ತೆ ಒಂದೇ ಕಡೆ ತಗ್ಗು ಬೀಳುತ್ತದೆ. ಅಗಲವಾದ ಮರದ ಗೂಟ ಒಳ್ಳೆಯದು. ತಂತಿಯನ್ನು ಬಟ್ಟಲಿಗೆ ಬಿಗಿದು ಸುತ್ತದೆ ಸಡಿಲ ಸುರುಳಿ ಮಾಡಿರಿ. ಕೀಳುವಾಗ ತಂತಿಯನ್ನಲ್ಲ, ಪಿನ್ನನ್ನು ಹಿಡಿಯಿರಿ.

ಇಷ್ಟಾದರೂ ಒಂದು ದಿನ ಒಂದು ಕಿವಿ ಮೌನವಾಗಬಹುದು. ಪಿನ್ನಿನ ಬುಡದಲ್ಲಿ ತಂತಿಯನ್ನು ಬಾಗಿಸಿ ನೋಡಿದಾಗ ಸದ್ದು ಬಂದು ಹೋಗಿ ಮಾಡಿದರೆ ತಂತಿ ಅಲ್ಲೇ ಒಳಗೆ ತುಂಡಾಗಿದೆ. ಬೆಸುಗೆ ಬಲ್ಲ ಯಾವ ಟಿವಿ ರಿಪೇರಿಯವರೂ ಹೊಸ ಪಿನ್ ಹಾಕಿಕೊಡುತ್ತಾರೆ. ಆದರೆ ಅನೇಕ ಹೆಡ್‌ಫೋನ್‌ಗಳ ತಂತಿಯ ಎಳೆಗಳ ಮೇಲೆ ಕಣ್ಣಿಗೆ ಕಾಣದ ವಾರ್ನಿಷ್ ಲೇಪವಿರುತ್ತದೆ. ಅದನ್ನು ಸುಡದೆ ಬೆಸೆದರೆ ವಿದ್ಯುತ್ತು ಹರಿಯದು. ಒಳಗಿನ ಸ್ಪೀಕರೇ ಹೋಗಿದೆ ಎಂಬ ತೀರ್ಪು ನಿಮ್ಮ ಕೈಗೆ ಬರುತ್ತದೆ. ಎಸೆಯುವ ಮುಂಚೆ, ಎಳೆಗಳ ತುದಿಯನ್ನು ಬಿಸಿ ಸೀಸದಲ್ಲಿ ಅದ್ದಿ, ಲೇಪ ಸುಟ್ಟು ಬೆಳ್ಳಗಾದ ಮೇಲೆ ಇನ್ನೊಮ್ಮೆ ಬೆಸೆಯುವಂತೆ ಅವರಿಗೆ ಹೇಳಿರಿ.