ಸುಂಕದವನ ಮುಂದೆ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ವಿವರಿಸಿದವನು ನಾನು. 2024ರ ಅಕ್ಟೋಬರಿನಲ್ಲಿ ರೋಮ್ ನಗರದ ಒಂದು ಹೋಟೆಲಿನ ಮೇಜಿನ ಮುಂದೆ ನಿಂತು ನಾನೇ ಹಾಗೆ ಹೇಳಿಕೊಂಡೆ. ಅಷ್ಟಕ್ಕೆ ನಿಲ್ಲಿಸದೆ ಜಗಳವನ್ನೂ ಆಡಿದೆ.

ಚಿಕ್ಕಬಳ್ಳಾಪುರದಲ್ಲಿರುವ ನನ್ನ ಅಕ್ಕನ ಮಗ ಫೋನಿನಲ್ಲೇ ಕೋಣೆ ಗೊತ್ತುಮಾಡಿ, “ಹಣವೆಲ್ಲ ಕಟ್ಟಿಯಾಗಿದೆ ಮಾವ, ನೀವು ಹೋಗಿ ಮಲಗುವುದೊಂದೇ ಬಾಕಿ” ಎಂದಿದ್ದ. ನಾಲ್ಕು ರಾತ್ರಿಯ ವಾಸ. ಬಂದಿಳಿದ ಸಂಜೆ ಮೇಜಿನ ಹಿಂದಿದ್ದ ಹುಡುಗಿ ನಗುನಗುತ್ತಲೇ ಇನ್ನೂ 48 ಯೂರೋ ಕೇಳಿದಳು. ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿಗೂ ಮೇಲೆ. ಪಿಂಚಣಿಯವನ ರಕ್ತ ಕುದಿಯಿತು. ಕೋಪ ಬಂದರೆ ನಮ್ಮ ಚಿಂತಾಮಣಿಯ ಕಡೆಯವರ ಬಾಯಿಗೆ ತೆಲುಗು ಬರುತ್ತದೆ, ಅಂದೂ ಬಂತು. ಪುಣ್ಯಕ್ಕೆ ಆಕೆಗೆ ಅದು ತಿಳಿಯಲಿಲ್ಲ. ಆದರೆ ಇಂಗ್ಲಿಷಿನಲ್ಲಿ “ಇದು ಮೋಸ” ಎಂದದ್ದು ಚೆನ್ನಾಗಿಯೇ ತಿಳಿಯಿತು. ಆಕೆಯ ನಗು ಮಾಯವಾಯಿತು. “ರೀ, ಮೊದಲು ಆ ಕಾಗದ ಓದಿ” ಎಂದು ನನ್ನ ಪತ್ನಿ ತೋಳು ಹಿಡಿದೆಳೆದರು.

ಓದಿದೆ. ಮೊತ್ತದ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ನಗರದ ತೆರಿಗೆ ಇದರಲ್ಲಿ ಸೇರಿಲ್ಲ, ಸ್ಥಳದಲ್ಲೇ ಸಲ್ಲಿಸತಕ್ಕದ್ದು ಎಂದಿತ್ತು. ರೋಮ್ ನಗರಾಡಳಿತ ತಂಗುವವರ ಮೇಲೆ ಈ ಕರವನ್ನು 2011ರಿಂದ ವಿಧಿಸುತ್ತ ಬಂದಿದೆ. ಮೂರು ನಕ್ಷತ್ರದ ಹೋಟೆಲಿಗೆ ತಲೆಗೆ, ರಾತ್ರಿಗೆ 6 ಯೂರೋ. ಇಬ್ಬರಿಗೆ ನಾಲ್ಕು ರಾತ್ರಿ ಎಂದರೆ 48. ಹತ್ತು ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ. ಹತ್ತು ರಾತ್ರಿ ಮೀರಿದರೆ ಮುಂದಿನವಕ್ಕೆ ಇಲ್ಲ. ತಲೆ, ವಯಸ್ಸು, ರಾತ್ರಿ ಎಲ್ಲವನ್ನೂ ಎಣಿಸಬೇಕಾದದ್ದರಿಂದ ಅದನ್ನು ಹೋಟೆಲಿನವರೇ ಕೈಯಾರೆ ವಸೂಲು ಮಾಡಿ ನಗರಕ್ಕೆ ಒಪ್ಪಿಸುತ್ತಾರೆ. ಆ ಹುಡುಗಿಯ ಪಾಲಿಗೆ ಅದರಲ್ಲಿ ಒಂದು ಕಾಸೂ ಇರಲಿಲ್ಲ. ಮರುದಿನ ಬೆಳಗ್ಗೆ ಕ್ಷಮೆ ಕೇಳಿದೆ. “ಪರವಾಯಿಲ್ಲ, ದಿನವೂ ಯಾರಾದರೊಬ್ಬರು ಹೀಗೆ ಅನ್ನುತ್ತಾರೆ” ಎಂದಳು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೂ ಒಬ್ಬನೆಂದು ಪಾಠ ಹೇಳಿದವನಿಗೆ, ಸುಂಕ ಎತ್ತುವ ಕಾಯಕದವರ ಪಾಡು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಊರಿಗೆ ಬಂದಮೇಲೆ ಈ ವಿಷಯವನ್ನು ಸ್ವಲ್ಪ ಕೆದಕಿದೆ. ನಮ್ಮ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಬಗೆಬಗೆಯ ಹೆಸರುಗಳಿವೆಯಲ್ಲ, ಹಾಗೆಯೇ ಇಲ್ಲಿಯೂ ಒಂದೊಂದು ಊರಿಗೆ ಒಂದೊಂದು ಬಗೆ. ಆಮ್‌ಸ್ಟರ್‌ಡಾಮಿನಲ್ಲಿ ತಲೆ ಎಣಿಸುವುದಿಲ್ಲ. ಕೋಣೆಯ ಬಾಡಿಗೆಯ ಮೇಲೆ 2024ರಿಂದ ಶೇಕಡ 12.5. ನ್ಯೂಯಾರ್ಕಿನಲ್ಲಿ ಶೇಕಡ 14.75, ಅದರ ಮೇಲೆ ಕೋಣೆಗೆ ರಾತ್ರಿಗೆ ಮೂರೂವರೆ ಡಾಲರ್. ಮಲೇಷಿಯದಲ್ಲಿ 2017ರಿಂದ ವಿದೇಶೀಯರಿಗೆ ಮಾತ್ರ, ಕೋಣೆಗೆ ದಿನಕ್ಕೆ 10 ರಿಂಗಿಟ್. ನೆರೆಯ ಭೂತಾನ ಹೋಟೆಲಿನ ಗೊಡವೆಗೇ ಹೋಗದೆ, ಭಾರತೀಯರಿಂದ ತಲೆಗೆ ರಾತ್ರಿಗೆ 1,200 ರೂಪಾಯಿಯನ್ನು ಸರ್ಕಾರಕ್ಕೇ ಪಡೆಯುತ್ತದೆ.

ಇವುಗಳ ನಡುವೆ ವೇಷಧಾರಿಯೊಂದಿದೆ. ಅಮೆರಿಕದ ಹಲವು ಹೋಟೆಲುಗಳು ‘ರೆಸಾರ್ಟ್ ಶುಲ್ಕ’ವೆಂದು ದಿನಕ್ಕಿಷ್ಟು ಸೇರಿಸುತ್ತವೆ. ಇದು ತೆರಿಗೆಯ ಪಕ್ಕದಲ್ಲೇ ಕುಳಿತಿರುತ್ತದೆ, ಆದರೆ ತೆರಿಗೆಯಲ್ಲ, ಹೋಟೆಲಿನವರದೇ ಸಂಪಾದನೆ. 2025ರ ಮೇ 12ರಿಂದ ಅದನ್ನು ಮೊದಲು ತೋರಿಸುವ ಬೆಲೆಯಲ್ಲೇ ಸೇರಿಸಬೇಕೆಂಬ ನಿಯಮ ಅಲ್ಲಿ ಬಂದಿದೆ. ಸರ್ಕಾರದ ತೆರಿಗೆಗೆ ಆ ಕಟ್ಟಿಲ್ಲ, ಅದು ಕೊನೆಯಲ್ಲೇ ಕಾಣಿಸಿಕೊಳ್ಳಬಹುದು. ಆದುದರಿಂದ ಬಿಲ್ಲಿನಲ್ಲಿ ಇದು ಯಾರಿಗೆ ಸಲ್ಲುವ ಹಣ ಎಂದು ಕೇಳಿ, ಕೊಟ್ಟದ್ದಕ್ಕೆ ರಸೀದಿ ಪಡೆಯುವುದರಲ್ಲಿ ಅವಮಾನವೇನೂ ಇಲ್ಲ. ನನ್ನಂತೆ ಕೂಗಬೇಕಾಗಿಲ್ಲ, ಅಷ್ಟೆ.

ನಮ್ಮಲ್ಲಿ ಇದು ಇಲ್ಲವೆಂದಲ್ಲ. ಕರ್ನಾಟಕದಲ್ಲಿ ಹೋಟೆಲು, ವಸತಿಗೃಹಗಳ ಮೇಲಿನ ಭೋಗ ತೆರಿಗೆಯ ಕಾನೂನು 1979ರದು. 2017ರ ಜುಲೈ 1ರಂದು ಅದು ಜಿಎಸ್‌ಟಿಯಲ್ಲಿ ಲೀನವಾಯಿತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆಗೆ ಶೇಕಡ 5. ಆದರೆ ಅದು ದೆಹಲಿ, ಬೆಂಗಳೂರುಗಳ ಬೊಕ್ಕಸಕ್ಕೆ ಹರಿಯುವ ಹಣ. ಶನಿವಾರ, ಭಾನುವಾರಗಳಲ್ಲಿ ನಸುಕಿನಲ್ಲೇ ನಂದಿಬೆಟ್ಟಕ್ಕೆ ಏರುವ ವಾಹನಗಳ ಸಾಲನ್ನೂ ಅವರು ಬಿಟ್ಟುಹೋಗುವ ಕಸವನ್ನೂ ನೋಡಿದಾಗಲೆಲ್ಲ ನನಗೆ ಆ 48 ಯೂರೋ ನೆನಪಾಗುತ್ತದೆ. ವೆನಿಸ್ ನಗರವಂತೂ, ರಾತ್ರಿ ತಂಗದೆ ಹಗಲಲ್ಲೇ ನೋಡಿ ಹೊರಡುವವರಿಂದಲೂ 2024ರಿಂದ ಜನ ಹೆಚ್ಚುವ ದಿನಗಳಲ್ಲಿ ಹಣ ಪಡೆಯತೊಡಗಿದೆ. ಬೆಟ್ಟದ ಬುಡದ ಹಳ್ಳಿಗಳ ಪಂಚಾಯಿತಿಗೂ ಅಂಥದೊಂದು ಪಾಲು ನೇರವಾಗಿ ಸಲ್ಲುವುದಾದರೆ ನಾನು ಸಂತೋಷದಿಂದ ಕೊಟ್ಟೇನು. ಮನೆಯಲ್ಲಿ ಇದನ್ನು ಹೇಳಿದಾಗ ಪತ್ನಿ, “ರೋಮಿನಲ್ಲಿ ಈ ಸಂತೋಷ ಎಲ್ಲಿ ಹೋಗಿತ್ತು?” ಎಂದರು.

ಅಕ್ಕನ ಮಗ ಈಗ ಭೂತಾನಕ್ಕೆ ಹೊರಡಿಸುವ ಮಾತಾಡುತ್ತಿದ್ದಾನೆ. ಐದು ರಾತ್ರಿ, ಇಬ್ಬರು, 12,000 ರೂಪಾಯಿ. ಈ ಬಾರಿ ಲೆಕ್ಕವನ್ನು ಮೊದಲೇ ಬರೆದಿಟ್ಟಿದ್ದೇವೆ.