ಕುಸ್ತಿಯ ಸೂತ್ರಧಾರ

ಕುಸ್ತಿಯ ಅಖಾಡದಲ್ಲಿ ನಮ್ಮ ಕಣ್ಣಿಗೆ ಬೀಳುವವರು ಇಬ್ಬರು ಜಟ್ಟಿಗಳು. ಗೆದ್ದವನ ಕೀರ್ತಿ ಊರೂರಿಗೆ ಹಬ್ಬುವುದು. ಸೋತವನ ಹೆಸರೂ ಕೆಲವು ಕಾಲ ಜನರ ಬಾಯಲ್ಲಿರುವುದು. ಆದರೆ ಆ ಇಬ್ಬರನ್ನೂ ಹುಡುಕಿ ತಂದು, ಜೋಡಿ ಕಟ್ಟಿ, ಸ್ಥಳವನ್ನು ಗೊತ್ತುಮಾಡಿ, ಹಣವನ್ನು ಒದಗಿಸಿ, ಸಾವಿರಾರು ಜನರು ಟಿಕೆಟ್ಟು ಕೊಂಡು ಬರುವಂತೆ ಮಾಡಿದ ಮೂರನೆಯವನೊಬ್ಬನುಂಟು. ಅವನನ್ನು ನಾವು ನೆನೆಯುವುದು ಅಪೂರ್ವ. ನಮ್ಮ ದೇಶದಲ್ಲಿ ಬಹುಕಾಲ ಈ ಭಾರವನ್ನು ಅರಸರು ಹೊತ್ತಿದ್ದರು. ಮೈಸೂರಿನ ದಸರಾ ಕುಸ್ತಿಗಳೂ ರಾಜಾಶ್ರಯದಲ್ಲಿ ಬೆಳೆದುವು. ಅಂತಹ ಆಶ್ರಯವಿಲ್ಲದ ಲಂಡನ್ ನಗರದಲ್ಲಿ, ಲಾಭನಷ್ಟಗಳೆರಡನ್ನೂ ತನ್ನ ತಲೆಯ ಮೇಲೆಯೇ ಹಾಕಿಕೊಂಡು ಈ ಕೆಲಸವನ್ನು ನಡೆಸಿದವನು ಚಾರ್ಲ್ಸ್ ಕಾಕ್ರನ್. ಆತನ ಜೀವನವನ್ನು ಈಗ ಸ್ವಲ್ಪ ಪರಿಶೀಲಿಸೋಣ.

ಕಾಕ್ರನ್ 1872ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಹುಟ್ಟಿದನು. ನಟನಾಗಬೇಕೆಂಬುದು ಆತನ ಮೊದಲ ಆಸೆ. ಅದಕ್ಕಾಗಿ ಎಳೆಯ ಪ್ರಾಯದಲ್ಲಿಯೇ ಅಮೆರಿಕಕ್ಕೆ ಹೋದನು, ನಟನೆ ಕೈಹತ್ತಲಿಲ್ಲ. ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ಪ್ರಖ್ಯಾತ ನಟನ ಕಾರ್ಯದರ್ಶಿಯಾಗಿದ್ದು ರಂಗದ ಹಿಂದಿನ ವ್ಯವಹಾರವನ್ನೆಲ್ಲ ಕಲಿತನು. 1897ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಸೆನ್ ಮಹಾಕವಿಯ ನಾಟಕವೊಂದನ್ನು ಆಡಿಸಿದನು. ಹೀಗೆ ಆತನು ಕುಸ್ತಿಗೆ ಬಂದುದು ಗರಡಿಯಿಂದಲ್ಲ, ನಾಟಕಶಾಲೆಯಿಂದ.

ಲಂಡನ್ನಿಗೆ ಹಿಂದಿರುಗಿದ ಬಳಿಕ, 1902ರ ಸುಮಾರಿನಲ್ಲಿ, ಆತನಿಗೆ ಜಾರ್ಜ್ ಹ್ಯಾಕೆನ್‌ಶ್ಮಿಟ್ ಎಂಬ ಜಟ್ಟಿಯ ಪರಿಚಯವಾಯಿತು. ಈತನು ಎಸ್ಟೋನಿಯ ದೇಶದವನು. ಅದ್ಭುತ ಬಲಶಾಲಿ, ಸುಂದರಾಂಗ, ಸ್ವಭಾವದಲ್ಲಿ ಸಾಧು. ಆ ಕಾಲದಲ್ಲಿ ಲಂಡನ್ನಿನ ವಿನೋದಶಾಲೆಗಳಲ್ಲಿ ಹಾಡು, ಕುಣಿತ, ಹಾಸ್ಯಗಳ ನಡುವೆ ಕುಸ್ತಿಗೂ ಒಂದು ಸ್ಥಾನವಿದ್ದಿತು. ಆದರೆ ಹ್ಯಾಕೆನ್‌ಶ್ಮಿಟ್‌ನಿಂದ ವಿಚಿತ್ರವಾದೊಂದು ಕಷ್ಟ ಬಂದಿತು. ಎದುರಿಗೆ ಬಂದವನನ್ನು ಆತನು ಕ್ಷಣಮಾತ್ರದಲ್ಲಿ ಚಿತ್ತು ಮಾಡಿಬಿಡುತ್ತಿದ್ದನು. ಹಣ ಕೊಟ್ಟು ಬಂದವರು ಸರಿಯಾಗಿ ಕುಳಿತುಕೊಳ್ಳುವುದರೊಳಗೆ ಆಟವೇ ಮುಗಿದುಹೋಗುತ್ತಿದ್ದಿತು! ಬಲವಿದ್ದಿತು, ನೋಡುವ ಸೊಗಸಿರಲಿಲ್ಲ. ಕಾಕ್ರನ್ ಆತನಿಗೆ ಬುದ್ಧಿ ಹೇಳಿದನು: ದುರ್ಬಲನೊಡನೆ ಅವಸರ ಬೇಡ, ಪಟ್ಟುಗಳನ್ನು ತೋರಿಸು, ಜನರು ನಿನ್ನ ವಿದ್ಯೆಯನ್ನು ಕಣ್ಣಾರೆ ನೋಡಲಿ.

ಇಲ್ಲಿಯೇ ನಾವು ತಡೆದು ವಿಚಾರಿಸತಕ್ಕ ಅಂಶವಿರುವುದು. ಗೆಲ್ಲಬಲ್ಲವನು ಬೇಕೆಂದೇ ತಡಮಾಡುವುದು ನ್ಯಾಯವೆ? ಸಂಗೀತಗಾರನು ರಾಗವನ್ನು ವಿಸ್ತರಿಸಿದರೆ ಅದು ವಂಚನೆಯಲ್ಲ, ಕಲೆ. ಆದರೆ ಕುಸ್ತಿಯು ಕಲೆಯಾಗಿರುವಂತೆಯೇ ಪರೀಕ್ಷೆಯೂ ಆಗಿದೆ. ಫಲವು ಯಾರಿಗೂ ತಿಳಿಯದೆಂಬ ನಂಬಿಕೆಯ ಮೇಲೆ ಅದು ನಿಂತಿದೆ. ವಿಸ್ತಾರವು ಎಲ್ಲಿ ಮುಗಿದು ನಟನೆಯು ಎಲ್ಲಿ ಆರಂಭವಾಗುವುದೆಂಬ ಗೆರೆ ಬಹು ಸೂಕ್ಷ್ಮವಾದುದು. ಕಾಕ್ರನ್ನನ ವೃತ್ತಿಯೆಲ್ಲ ಆ ಗೆರೆಯ ಮೇಲಿನ ನಡಿಗೆ.

ನಿಜವಾದ ಪರೀಕ್ಷೆ ಬಂದುದು 1904ರ ಜನವರಿ 30ರಂದು. ಹ್ಯಾಕೆನ್‌ಶ್ಮಿಟ್‌ನ ಗರ್ವವನ್ನು ಮುರಿಯಬೇಕೆಂದು ಪಿಯೆರಿ ಎಂಬ ಗ್ರೀಕ್ ಜಟ್ಟಿಯು ಅಹಮದ್ ಮದ್ರಾಲಿಯೆಂಬ ಎತ್ತರವಾದ ತುರ್ಕಿ ಪೈಲ್ವಾನನನ್ನು ಕರೆತಂದಿದ್ದನು. ಪತ್ರಿಕೆಗಳಲ್ಲಿ ವಾರಗಟ್ಟಲೆ ಇದೇ ಸುದ್ದಿ. ಒಲಿಂಪಿಯ ಎಂಬ ವಿಶಾಲವಾದ ಭವನದ ಸುತ್ತಲಿನ ಬೀದಿಗಳಲ್ಲಿ ಗಾಡಿಗಳು ಕದಲದಂತಾದುವು. ಜಟ್ಟಿಗಳು ಕೈಕಲಸಿದರು. ಹ್ಯಾಕೆನ್‌ಶ್ಮಿಟ್ ಎದುರಾಳಿಯನ್ನು ಸೊಂಟದಲ್ಲಿ ಹಿಡಿದೆತ್ತಿ ನೆಲಕ್ಕೆ ಎಸೆದನು. ಮದ್ರಾಲಿಯ ತೋಳಿನ ಕೀಲು ತಪ್ಪಿತು. ಎಲ್ಲಕ್ಕೂ ಹಿಡಿದ ಕಾಲ 44 ಸೆಕೆಂಡು! ತಿಂಗಳುಗಳ ಸಿದ್ಧತೆ ಒಂದು ನಿಮಿಷವೂ ಬಾಳಲಿಲ್ಲ. ಆದರೆ ಅಲ್ಲಿ ಯಾರೂ ತಡಮಾಡಲಿಲ್ಲ, ಯಾರೂ ನಟಿಸಲಿಲ್ಲ. ಹ್ಯಾಕೆನ್‌ಶ್ಮಿಟ್‌ನ ಹೆಸರು ಲೋಕಪ್ರಸಿದ್ಧವಾದುದು ಈ 44 ಸೆಕೆಂಡುಗಳಿಂದಲೇ.

ಇದರ ವಿಪರೀತವನ್ನು ಲಂಡನ್ನಿನ ಜನರು ಆರು ವರ್ಷಗಳ ಮೇಲೆ ನೋಡಿದರು. 1910ರಲ್ಲಿ ಬೆಂಜಮಿನ್ ಎಂಬ ಮತ್ತೊಬ್ಬ ವ್ಯವಸ್ಥಾಪಕನು ನಮ್ಮ ದೇಶದ ಗಾಮಾ ಪೈಲ್ವಾನನನ್ನು ಅಲ್ಲಿಗೆ ಕರೆದೊಯ್ದನು. ಪೋಲೆಂಡಿನ ಜ್ಬಿಸ್ಕೊ ಗಾಮಾನ ಬಲವನ್ನು ಕಂಡು ನೆಲಕ್ಕೆ ಅವಚಿಕೊಂಡು ಮಲಗಿಬಿಟ್ಟನು. ಎರಡೂವರೆ ಗಂಟೆ ಕಳೆದರೂ ತೀರ್ಮಾನವಾಗಲಿಲ್ಲ. ಒಂದು ವಾರದ ಮೇಲೆ ಪುನಃ ಗೊತ್ತಾಗಿದ್ದ ಕುಸ್ತಿಗೆ ಆತನು ಬರಲೇ ಇಲ್ಲ. ನಿಜವಾದ ಕುಸ್ತಿಯ ಗುಣವೇ ಇದು: ಒಮ್ಮೆ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುವುದು, ಇನ್ನೊಮ್ಮೆ ಬೇಸರ ಬರುವವರೆಗೆ ಬೆಳೆಯುವುದು. ಟಿಕೆಟ್ಟು ಕೊಂಡವನ ಅನುಕೂಲಕ್ಕೆ ಸರಿಯಾಗಿ ಅದು ಒಂದು ಗಂಟೆಯಲ್ಲಿ ಮುಗಿಯುವುದಿಲ್ಲ. ಆದುದರಿಂದಲೇ ಮುಂದೆ ಪಶ್ಚಿಮದ ದೇಶಗಳಲ್ಲಿ ವೃತ್ತಿಕುಸ್ತಿಯು ಪೂರ್ವನಿಶ್ಚಿತವಾದ ನಾಟಕವಾಗಿ ಪರಿಣಮಿಸಿತು.

ಕಾಕ್ರನ್ ಆ ದಾರಿಯನ್ನು ಹಿಡಿಯಲಿಲ್ಲ. ನಾಟಕ ಬೇಕಾದಾಗ ಆತನು ನಾಟಕವನ್ನೇ ಆಡಿಸಿದನು. 1911ರಲ್ಲಿ, ಮದ್ರಾಲಿ ಬಿದ್ದ ಅದೇ ಒಲಿಂಪಿಯ ಭವನವನ್ನು ದೊಡ್ಡ ಇಗರ್ಜಿಯಂತೆ ಮಾರ್ಪಡಿಸಿ, ಜರ್ಮನಿಯ ರೈನ್‌ಹಾರ್ಟ್ ನಿರ್ದೇಶಿಸಿದ ಮಾತಿಲ್ಲದ ಭವ್ಯ ನಾಟಕವನ್ನು ಪ್ರದರ್ಶಿಸಿದನು. 1919ರಲ್ಲಿ ಕಾರ್ಪಾಂತಿಯೆ ಮತ್ತು ಬೆಕೆಟ್ ಎಂಬವರ ಮುಷ್ಟಿಯುದ್ಧವನ್ನು ಏರ್ಪಡಿಸಿದನು. ಅದೂ ಒಂದೂವರೆ ನಿಮಿಷದೊಳಗೆ ಮುಗಿಯಿತು. ಫಲವು ಆತನ ಕೈಯಲ್ಲಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಷ್ಟವೂ ಹಾಗೆಯೇ ಬಂದಿತು. 1924ರಲ್ಲಿ ವೆಂಬ್ಲಿಯಲ್ಲಿ, ಕುದುರೆಯ ಮೇಲಿಂದ ಹಗ್ಗವೆಸೆದು ಹೋರಿಗಳನ್ನು ಹಿಡಿಯುವ ಅಮೆರಿಕದ ಆಟವನ್ನು ಏರ್ಪಡಿಸಿದಾಗ ಹೋರಿಯೊಂದರ ಕಾಲು ಮುರಿಯಿತು. ಪ್ರಾಣಿದಯಾ ಸಂಘದವರು ನ್ಯಾಯಾಲಯಕ್ಕೆ ಹೋದರು. ಜನರ ಮನಸ್ಸು ಕದಡಿತು. ಸ್ವಲ್ಪ ಕಾಲದಲ್ಲಿಯೇ ಕಾಕ್ರನ್ ದಿವಾಳಿಯಾದನು. ಆಗ ಆತನಿಗೆ ಐವತ್ತು ವರ್ಷ ಮೀರಿತ್ತು.

ಅಲ್ಲಿಗೆ ಕಥೆ ಮುಗಿಯಬಹುದಾಗಿದ್ದಿತು, ಮುಗಿಯಲಿಲ್ಲ. 1926ರಿಂದ 1938ರವರೆಗೆ ರಾಯಲ್ ಆಲ್ಬರ್ಟ್ ಹಾಲಿನ ಆಡಳಿತವನ್ನು ವಹಿಸಿದನು. ನೋಯೆಲ್ ಕವರ್ಡ್ ಎಂಬ ತರುಣ ನಾಟಕಕಾರನ ಕೃತಿಗಳನ್ನು ವರ್ಷವರ್ಷವೂ ರಂಗಕ್ಕೆ ತಂದು ಮತ್ತೆ ತಲೆಯೆತ್ತಿದನು. 1948ರಲ್ಲಿ ‘ಸರ್’ ಪದವಿ ಲಭಿಸಿತು, 1951ರಲ್ಲಿ ತೀರಿಕೊಂಡನು.

ಈ ಜೀವನದಿಂದ ನಾವು ತಿಳಿಯತಕ್ಕುದೇನು? ಜನರ ಕುತೂಹಲವನ್ನು ಕೆರಳಿಸುವುದು ವ್ಯವಸ್ಥಾಪಕನ ವಿದ್ಯೆ. ಬಾಗಿಲು ತೆರೆಯುವವರೆಗೆ ಅಧಿಕಾರವೆಲ್ಲ ಅವನದು. ಜಟ್ಟಿಗಳು ಕೈಕಲಸಿದ ಮೇಲೆ ಅವನೂ ನಮ್ಮಂತೆಯೇ ಒಬ್ಬ ಪ್ರೇಕ್ಷಕ. ಗಳಿಸಿದ್ದೂ ಕಳೆದುಕೊಂಡದ್ದೂ ಆ ಕ್ಷಣದ ಪಾಲು. ಆ ಅನಿಶ್ಚಯವನ್ನು ಸಹಿಸಲಾರದವನು ಫಲವನ್ನೇ ಮೊದಲು ಗೊತ್ತುಮಾಡಿಕೊಳ್ಳುವನು. ಅವನಿಗೆ ನಷ್ಟವು ಕಡಿಮೆ. ಆದರೆ ಅವನ ಅಖಾಡದಲ್ಲಿ 44 ಸೆಕೆಂಡುಗಳ ಆ ಜಯವು ಎಂದಿಗೂ ಸಂಭವಿಸುವುದಿಲ್ಲ.