ಹಾಲು ಸಾಕೋ, ಸಾಲದೋ?



ಬಾಣಂತಿಯರ ಬಾಯಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು ಒಂದಿದೆ. "ನಂಗೆ ಹಾಲು ಸಾಲ್ತಾ ಇಲ್ಲ." ಮಗು ಅತ್ತರೆ ಹಾಲಿಲ್ಲ ಅಂತಾರೆ. ಎದೆ ಮೆತ್ತಗಾದರೆ ಹಾಲು ಬತ್ತಿತು ಅಂತಾರೆ. ಕೂಡಲೇ ಅಂಗಡಿಯಿಂದ ಡಬ್ಬಿ ಹಾಲು ಬರುತ್ತದೆ. ಹಾಲು ನಿಜವಾಗಿ ಕಡಿಮೆ ಆಗುವುದು ಆಮೇಲೆ! ಹೇಗೆ?

ಒರತೆಯ ಬಾವಿ ನೋಡಿದ್ದೀರಲ್ಲವೇ? ಸೇದಿದಷ್ಟೂ ನೀರು ಊರುತ್ತದೆ. ಎದೆಹಾಲೂ ಹಾಗೆಯೇ. ಮಗು ಚೀಪಿದಷ್ಟೂ ಊರುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಮಗು ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಕಡಿಮೆಯಾಗುತ್ತದೆ.

ಮಗು ಹುಟ್ಟಿದ 1 ಗಂಟೆಯೊಳಗೆ ಎದೆಗೆ ಹಾಕಿಕೊಳ್ಳಿ. ಮೊದಲ ಹಳದಿ ಹಾಲನ್ನು ಚೆಲ್ಲಬೇಡಿ. ರೋಗ ತಡೆಯುವ ಶಕ್ತಿ ಅದರಲ್ಲಿದೆ. ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಸಿ. 6 ತಿಂಗಳವರೆಗೆ ಎದೆಹಾಲು ಮಾತ್ರ ಸಾಕು. ಜೇನುತುಪ್ಪ ಬೇಡ, ನೀರೂ ಬೇಡ. ಸಂಜೆ ಹೊತ್ತು ಕೆಲವು ಮಕ್ಕಳು ಪದೇ ಪದೇ ಹಾಲು ಕೇಳುತ್ತವೆ. ಹೆದರಬೇಡಿ. ಕೇಳಿದಾಗೆಲ್ಲ ಕೊಡಿ. ಪಥ್ಯ ಅಂತ ಬಾಣಂತಿಯ ಊಟ, ನೀರು ಕಡಿಮೆ ಮಾಡಬೇಡಿ.

ಹಾಲು ಸಾಕಾಗಿದೆ ಅಂತ ತಿಳಿಯುವುದು ಹೇಗೆ? ಎರಡು ಗುರುತುಗಳಿವೆ.

ಒಂದು, ಉಚ್ಚೆ. 5 ದಿನ ಕಳೆದ ಮೇಲೆ ಮಗು ದಿನಕ್ಕೆ 6 ಸಲವಾದರೂ ಉಚ್ಚೆ ಮಾಡಬೇಕು. ಅದು ತಿಳಿಯಾಗಿರಬೇಕು.

ಎರಡು, ತೂಕ. ಹುಟ್ಟಿದಾಗ ಮಗು 2 ಕಿಲೋ 800 ಗ್ರಾಂ ಇತ್ತು ಅನ್ನಿ. ಮೊದಲ ದಿನಗಳಲ್ಲಿ 2 ಕಿಲೋ 600 ಗ್ರಾಂಗೆ ಇಳಿಯಬಹುದು. ಇದು ಸಹಜ. 2 ವಾರಕ್ಕೆ ಮತ್ತೆ 2 ಕಿಲೋ 800 ಆಗಬೇಕು. ಆಮೇಲೆ 3 ತಿಂಗಳವರೆಗೆ ವಾರಕ್ಕೆ ಸುಮಾರು 150ರಿಂದ 200 ಗ್ರಾಂ ಏರುತ್ತದೆ. 5-6 ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು.

ಜಯನಗರದ ಮನೆಗಳಿಗೆ ಪಾತ್ರೆ, ಬಟ್ಟೆ ಕೆಲಸಕ್ಕೆ ಹೋಗುವ ತಾಯಂದಿರು ಕೇಳ್ತಾರೆ, "ನಾವೇನು ಮಾಡೋದು?" ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ. ಮುಚ್ಚಿ ತಂಪಾದ ಜಾಗದಲ್ಲಿಡಿ. 4 ಗಂಟೆ ಕೆಡುವುದಿಲ್ಲ. ಮನೆಯಲ್ಲಿರುವವರು ಒಳಲೆಯಲ್ಲಿ ಕುಡಿಸಲಿ. ಕೆಲಸದಿಂದ ಬಂದ ಕೂಡಲೇ, ರಾತ್ರಿಯೂ, ನೀವೇ ಎದೆಹಾಲು ಕೊಡಿ.

ಮಗು ಚೀಪುತ್ತಿಲ್ಲವೇ? ಸದಾ ಮಂಕಾಗಿ ಮಲಗಿದೆಯೇ? ಉಚ್ಚೆ ಕಡಿಮೆಯೇ? ತೂಕ ಏರುತ್ತಿಲ್ಲವೇ? ತಡಮಾಡಬೇಡಿ. ಜಯನಗರದ ಜನರಲ್ ಆಸ್ಪತ್ರೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅದೇ ದಿನ ಹೋಗಿ. ಬೇರೆ ಹಾಲು ಬೇಕೋ ಬೇಡವೋ ಅಂತ ಹೇಳಬೇಕಾದವರು ಡಾಕ್ಟರು. ಅಂಗಡಿಯವರಲ್ಲ, ಪಕ್ಕದ ಮನೆಯವರೂ ಅಲ್ಲ. ಹಾಲಿನ ಪುಡಿ, ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾನೂನೇ ತಡೆದಿದೆ.

ಅಂಗನವಾಡಿಯಲ್ಲಿ ಪ್ರತಿ ತಿಂಗಳು ಮಗುವನ್ನು ತೂಗಿಸಿ. ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ. ಅದು ಏನೆಂದು ಇನ್ನೊಬ್ಬರನ್ನು ಕೇಳಬೇಕಾಗಿಲ್ಲ. ಅಂಕಿ ಓದಲು ನಿಮಗೆ ಬರುತ್ತದೆ. ಹೋದ ತಿಂಗಳ ಅಂಕಿ, ಈ ತಿಂಗಳ ಅಂಕಿ ಎರಡನ್ನೂ ನೀವೇ ಓದಿ. ಏರಿದ್ದರೆ ನಿಶ್ಚಿಂತೆಯಿಂದ ಎದೆಹಾಲು ಕೊಡಿ.